ಆಡದೇ ಹೋದ ನಾಲ್ಕು ಪಂದ್ಯಗಳು

2020ರ ಅಕ್ಟೋಬರ್. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಒಂದು ಐಸ್ ರಿಂಕಿನಲ್ಲಿ ನಾನು ರಿಸರ್ಫೇಸರ್ ಡ್ರೈವರ್. ಐಸ್‌ಹಾಕಿ ಆಟಗಾರರ ಸ್ಕೇಟುಗಳು ಗೀರಿದ ಐಸನ್ನು ಹೆರೆದು, ಬಿಸಿನೀರು ಹರಡಿ ಮತ್ತೆ ನುಣುಪು ಮಾಡುವ ಗಾಡಿ ಅದು. ಓದಿದ್ದು ಏಳನೇ ಕ್ಲಾಸು. ಚೆನ್ನಾಗಿ ಬರುತ್ತಿದ್ದದ್ದು ಈ ಗಾಡಿಯೊಂದೇ. ಮನೆ ಗಡಿಯ ಈಚೆ, ಐರ್ಲೆಂಡ್ ಗಣರಾಜ್ಯದ ಡ್ರೋಹೆಡಾದಲ್ಲಿ, ನರ್ಸ್ ಆಗಿದ್ದ ಅಕ್ಕ ಸುಮಿತ್ರಳ ಜೊತೆ.

ಆ ಸೀಸನ್ನು ನೆನೆದರೆ ಈಗಲೂ ತಲೆ ಕೆಡುತ್ತದೆ. ಕೋವಿಡ್ ಕಾಲ. ಪ್ರೇಕ್ಷಕರಿಲ್ಲದೆ ಲೀಗ್ ನಡೆಯಲ್ಲ, ಐಸ್ ಕರಗಿಸಿ ಎಂದರು. ಕರಗಿಸಿದೆವು. ಅಭ್ಯಾಸಕ್ಕೆ ಬೇಕು, ಕಟ್ಟಿ ಎಂದರು. ಪದರದ ಮೇಲೆ ಪದರ ನೀರು ಬಿಟ್ಟು ಕಟ್ಟಿದೆವು. ವಾರ ಕಳೆಯಿತು, ಮತ್ತೆ ಕರಗಿಸಿ! ಮತ್ತೆ ಕಟ್ಟಿ! ಕೊನೆಗೆ ನಾಲ್ಕೇ ಪಂದ್ಯಗಳ ಸರಣಿಗೆ ಒಪ್ಪಿಗೆ ಸಿಕ್ಕಿತು. ಕೆನಡಾದಿಂದ ಬಂದ ಆಟಗಾರರು ಅದೊಂದಕ್ಕಾಗಿ ಕಾದು ಕೂತಿದ್ದರು.

ಸರಣಿಗೆ ಮುಂಚಿನ ಸೋಮವಾರ ನನಗೆ ಗಂಟಲು ಕೆರೆತ, ಒಣಕೆಮ್ಮು. ನೈಟ್ ಡ್ಯೂಟಿ ಮುಗಿಸಿ ಮಲಗಿದ್ದ ಅಕ್ಕನಿಗೂ ಹೇಳದೆ ಹೊರಟೆ. ಬಾಗಿಲಲ್ಲಿ ಮ್ಯಾನೇಜರ್ ಡೆಕ್ಲನ್ ಆರೋಗ್ಯದ ಪ್ರಶ್ನೆಗಳ ಪಟ್ಟಿ ಹಿಡಿದು ನಿಂತಿದ್ದ.

"ಕೆಮ್ಮು, ಜ್ವರ ಏನಿಲ್ಲ ತಾನೇ? ಗ್ರ್ಯಾಂಡ್?"

ನಮ್ಮಲ್ಲಿ ಗ್ರ್ಯಾಂಡ್ ಆಗುವುದು ಮದುವೆ. ಇಲ್ಲಿ ಎಲ್ಲ ಸರಿಯಿದ್ದರೂ ಗ್ರ್ಯಾಂಡ್.

"ಗ್ರ್ಯಾಂಡ್," ಎಂದೆ. ನಾನಿಲ್ಲದಿದ್ದರೆ ಗಾಡಿ ಓಡಿಸುವವರು ಯಾರು ಎಂಬ ಜಂಬ.

ಬುಧವಾರ ಅಕ್ಕನಿಗೆ ಜ್ವರ. ಶುಕ್ರವಾರದ ಹೊತ್ತಿಗೆ ಡೆಕ್ಲನ್‌ಗೆ, ಐವರು ಆಟಗಾರರಿಗೆ, ಟೆಸ್ಟ್ ಮಾಡಿಸಿದರೆ ನನಗೂ ಪಾಸಿಟಿವ್. ಸರಣಿ ರದ್ದಾಯಿತು.

"ನಿಮ್ಮಕ್ಕ ನರ್ಸ್ ಅಲ್ವಾ? ಆಸ್ಪತ್ರೆಯಿಂದಲೇ ಬಂದಿರಬೇಕು," ಎಂದ ಡೆಕ್ಲನ್ ಫೋನಿನಲ್ಲಿ. ಹೂಂ ಎಂದೆ.

ಪಕ್ಕದ ರೂಮಿನಿಂದ ಅಕ್ಕ, "ಸಾರಿ ಕಣೋ ಪುಟ್ಟಾ, ನನ್ನಿಂದ ನಿಮ್ಮವರ ಆಟ ಹಾಳಾಯ್ತು," ಎಂದಳು. ಅದಕ್ಕೂ ಹೂಂ ಎಂದೆ.

ಕೆನಡಾದವರು ಒಂದೂ ಪಂದ್ಯ ಆಡದೆ ವಿಮಾನ ಹತ್ತಿದರು. ಗುಣವಾಗಿ ಕೆಲಸಕ್ಕೆ ಮರಳಿದ ಮೇಲೆ ಐಸ್ ಕರಗಿಸಿದವನೂ ನಾನೇ.

ಮರುವರ್ಷ ಜುಲೈನಲ್ಲಿ, ನೇಸ್ ಎಂಬ ಊರಿನಲ್ಲಿದ್ದ ಅಕ್ಕನ ಗೆಳತಿ ಮಗುವಿನ ನಾಮಕರಣಕ್ಕೆ ಕರೆದಳು. ಅಕ್ಕ ಹೊರಡಲೇ ಇಲ್ಲ. "ನನ್ನಿಂದ ಒಂದು ಟೀಮೇ ಮಲಗ್ತು. ಹಸುಗೂಸಿರೋ ಮನೆಗೆ ಹೋಗ್ಲಾ?"

ಆಗ ಬಾಯಿಬಿಟ್ಟೆ. ಮೊದಲು ಕೆಮ್ಮಿದವನು ನಾನು ಎಂದೆ.

ಅಕ್ಕ ನನ್ನನ್ನೇ ದಿಟ್ಟಿಸಿದಳು. "ಒಂಬತ್ತು ತಿಂಗಳು ಕಣೋ! ಡ್ಯೂಟಿಯಲ್ಲಿ ಯಾರ ಪಕ್ಕಾನೂ ಕೂತು ಊಟ ಮಾಡಿಲ್ಲ ನಾನು. ಕೆಮ್ಮು ಅನ್ನೋ ಒಂದು ಮಾತು ಹೇಳೋಕೆ ಬಾಯಿರಲಿಲ್ವಾ ನಿಂಗೆ?" ಎಂದವಳು ಸೀರೆ ಉಟ್ಟು ಒಬ್ಬಳೇ ನೇಸ್‌ಗೆ ಹೋದಳು. ನಾನು ಡೆಕ್ಲನ್‌ಗೆ ಫೋನ್ ಮಾಡಿ ಅದನ್ನೇ ಒಪ್ಪಿಕೊಂಡೆ.

ಮೈ ಸರಿಯಿಲ್ಲ ಎಂದು ಹೇಳುವುದೂ ಕೆಲಸದ ಭಾಗ ಎಂದು ಆ ಕೆಲಸ ನನಗೆ ಕಲಿಸಿತು, ತಡವಾಗಿ. ಆಮೇಲೆ ಕೆಲವು ವಾರ ಮಾತು ಬಿಟ್ಟಿದ್ದ ಅಕ್ಕ ಈಗ ಮಾತಾಡುತ್ತಾಳೆ. "ಹುಷಾರಾಗಿದ್ದೀಯಾ?" ಎಂದು ಕೇಳುತ್ತಾಳೆ, ಆದರೆ ಉತ್ತರಕ್ಕೆ ಕಾಯದೆ ಹಣೆ ಮುಟ್ಟಿ ನೋಡುತ್ತಾಳೆ.