ತಲೆಕೆಳಗಾದ ತೋಳು

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಕತ್ತರಿಯಕ್ಕ ವೆಲ್ವೆಟ್ ಜಾಕೆಟ್ಟಿನ ಎರಡು ತೋಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಸಿದ್ಧ ಉಡುಪಿನ ಆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವರ ಪೈಕಿ ಹಿರಿಯಳೆಂದು ಎಲ್ಲರೂ ಅವಳನ್ನು ಹಾಗೆ ಕರೆಯುತ್ತಿದ್ದರು. ತೋಳುಗಳೆರಡೂ ಒಂದೇ ಥಾನಿನ ಬಟ್ಟೆ. ಆದರೂ ಒಂದು ಗಾಢ ನೀಲಿ, ಇನ್ನೊಂದರ ಮೇಲೆ ಬೂದಿ ಚೆಲ್ಲಿದ ಹಾಗೆ. ಹೊಲಿಗೆ ಸಾಲಿನಿಂದ ಅವನ್ನು ತಂದ ಹುಡುಗಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಏನಕ್ಕಾ, ಈ ಜಾಕೆಟ್ಟು ಇಬ್ಬರು ಸೇರಿ ಹಾಕ್ಕೊಳ್ಳೋದಾ? ಬಲಗೈ ಅತ್ತೇದು, ಎಡಗೈ ಸೊಸೇದು?"

ಕತ್ತರಿಯಕ್ಕ ನಗಲಿಲ್ಲ. ವೆಲ್ವೆಟ್ಟಿನ ಮೇಲಿನ ನವಿರು ಒಂದೇ ದಿಕ್ಕಿಗೆ ಮಲಗಿರುತ್ತದೆ. ತುಂಡನ್ನು ತಲೆಕೆಳಗಾಗಿ ಕತ್ತರಿಸಿದರೆ ಬಣ್ಣವೇ ಬೇರೆ ಕಾಣುತ್ತದೆ. ಕತ್ತರಿ ಹಿಡಿದ ಮೊದಲ ವಾರವೇ ಕಲಿಯುವ ಪಾಠ ಇದು. ಬಟ್ಟೆಯ ಮೇಲೆ ಈ ತೋಳುಗಳನ್ನು ಎಲ್ಲಿ, ಹೇಗೆ ಕತ್ತರಿಸಬೇಕೆಂದು ನಕ್ಷೆ ಹಾಕಿದ್ದು ಮೂಲೆಯ ಕಂಪ್ಯೂಟರ್. ಅದರೊಳಗಿದ್ದದ್ದು ಅವಳೇ ಬರೆದ ಫೋನಿನ ಆಟ.

ಮೂರೂವರೆ ವರ್ಷಕ್ಕೂ ಹಿಂದೆ ಆ ಆಟವನ್ನು ಅವಳು ಊಟದ ಬಿಡುವಿನಲ್ಲಿ, ಮೆಟ್ಟಿಲ ಮೇಲೆ ಕೂತು, ಫೋನಿನಲ್ಲಿ ಹೆಬ್ಬೆರಳಿನಿಂದಲೇ ಬರೆಯಲು ತೊಡಗಿದ್ದಳು. ಬೆನ್ನು, ಎದೆ, ತೋಳು, ಕಾಲರ್ ಒಂದೊಂದಾಗಿ ಬೀಳುತ್ತವೆ. ಬಟ್ಟೆ ಹಾಳಾಗದಂತೆ ಹೊಂದಿಸಬೇಕು. ಮೊದಲ ದಿನ ತೋಳು ಬಟ್ಟೆಯನ್ನೂ ದಾಟಿ ತೆರೆಯಾಚೆ ಬಿದ್ದುಹೋಯಿತು. ಬಟ್ಟೆ ಎಲ್ಲಿ ಮುಗಿಯುತ್ತದೆಂದು ಅವಳು ಅದಕ್ಕೆ ಹೇಳಿರಲಿಲ್ಲ. ಹೇಳದೆ ಅದಕ್ಕೆ ಏನೂ ತಿಳಿಯದು ಎಂಬುದು ಹೊಳೆದ ಮೇಲೆ ಉಳಿದದ್ದನ್ನೆಲ್ಲ ತಪ್ಪು ಮಾಡುತ್ತಲೇ ಕಲಿತಳು. ಹೊಲಿಗೆ ಸಾಲಿನ ಹೆಂಗಸರು ಆಡಿದರು, ಬೈದರು, ಮತ್ತೆ ಆಡಿದರು. ತುಂಡು ತಿರುಗಿಸಲು ಬಿಡು ಎಂದು ಹಟ ಹಿಡಿದವರೂ ಅವರೇ. ಆಟಕ್ಕೆ ಮಜಾ ಬಂದದ್ದು ಆಗಲೇ.

ಕಾರ್ಖಾನೆಯಲ್ಲಿ ಪ್ರೋಗ್ರಾಮರ್ ಜಾಗ ಖಾಲಿಯಾದಾಗ ಅವಳು ಅರ್ಜಿ ಹಾಕಿ ಇದನ್ನೇ ತೋರಿಸಿದಳು. ಕಂಪ್ಯೂಟರ್ ನೋಡಿಕೊಳ್ಳುವ ಇಂಜಿನಿಯರ್ "ನೋಡಿ ಹೇಳ್ತೀನಿ" ಎಂದು ಪೆನ್‌ಡ್ರೈವಿಗೆ ಹಾಕಿಕೊಂಡ. ಮ್ಯಾನೇಜರ್ ಅರ್ಜಿಯನ್ನು ಹಿಂದಕ್ಕೆ ತಳ್ಳಿದ. "ಆಟ ಬೇರೆ, ಪ್ರೋಗ್ರಾಮ್ ಬೇರೆ ಕಣಮ್ಮ."

ಎರಡು ತಿಂಗಳಿಗೆ ಮೂಲೆಯ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಬಂತು. ಬಣ್ಣ ಬೇರೆ, ಹೆಸರು ಇಂಜಿನಿಯರನದು. ಆದರೆ ಕಾಲರ್ ತನ್ನ ಜಾಗದಲ್ಲಿ ಕೂರುವ ಮುನ್ನ ಒಮ್ಮೆ ನಡುಗುತ್ತಿತ್ತು. ಎಷ್ಟು ಹೆಣಗಿದರೂ ಅವಳಿಂದ ಸರಿಯಾಗದ ತಪ್ಪು ಅದು. ಹೆತ್ತವಳಿಗೆ ಮಗುವಿನ ಮಚ್ಚೆ ಗೊತ್ತಿರುವುದಿಲ್ಲವೇ? "ಇದು ನಂದು. ವೆಲ್ವೆಟ್ಟಿಗೆ ಹಾಕ್ಬೇಡಿ, ತುಂಡು ತಿರುಗುತ್ತೆ" ಎಂದು ಹೇಳಿದಳು. ಮ್ಯಾನೇಜರೂ ಇಂಜಿನಿಯರೂ ನಕ್ಕರು.

ಈಗ ಅಂಗಾಲಿನ ಉರಿ ನೆತ್ತಿಗೇರಿತು. ನೇರ ಮ್ಯಾನೇಜರನ ಕೋಣೆಗೆ ನಡೆದು ತೋಳುಗಳನ್ನು ಮೇಜಿನ ಮೇಲೆ ಬಿಸಾಡಿದಳು. ಇಂಜಿನಿಯರೂ ಅಲ್ಲೇ ಇದ್ದ.

"ಬಟ್ಟೆಯಲ್ಲೇ ಏನೋ ದೋಷ ಇರ್ಬೇಕು," ಎಂದ ಅವನು.

"ಹೂಂ, ಕುಣಿಯೋಕೆ ಬರದವರಿಗೆ ನೆಲ ಡೊಂಕು. ತುಂಡು ತಿರುಗಿಸೋದು ಯಾವ ಸಾಲಲ್ಲಿ ಬರೆದಿದೆ, ತೋರಿಸಿ ನೋಡೋಣ."

ಅವನು ಲ್ಯಾಪ್‌ಟಾಪ್ ತೆರೆದ. ಮೇಲೆ ಹೋದ, ಕೆಳಗೆ ಬಂದ, ಮತ್ತೆ ಮೇಲೆ ಹೋದ. ಹೀಗೆ ನಾಲ್ಕು ನಿಮಿಷ. ಮ್ಯಾನೇಜರ್ ಗಂಟಲು ಸರಿಮಾಡಿಕೊಂಡ.

"ಆಯ್ತಮ್ಮ, ಸಿಟ್ಟು ಬಿಡು. ನೀನೇ ಇವತ್ತು ಸರಿಮಾಡಿ ಕೊಡು."

"ನಾನು ಬಟ್ಟೆ ಕತ್ತರಿಸೋಳು ಸಾರ್. ಸರಿಮಾಡೋದು ಪ್ರೋಗ್ರಾಮರ್ ಕೆಲಸ. ಆ ಜಾಗ ಇನ್ನೂ ಖಾಲಿ ಇದೆ."

ಹೊರಗೆ ಇನ್ನೂ ಇಪ್ಪತ್ನಾಲ್ಕು ಪದರ ವೆಲ್ವೆಟ್ ಹಾಸಿಟ್ಟಿತ್ತು. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಮ್ಯಾನೇಜರ್ ಗುಮಾಸ್ತೆಯನ್ನು ಕರೆದ.

"ಇವಳನ್ನ ಪ್ರೋಗ್ರಾಮರ್ ಜಾಗಕ್ಕೆ ಬರ್ಕೊ. ಹೊಸಬಳು ಅಂತ ಹಾಕು."

"ಹೊಸಬಳಲ್ಲ," ಎಂದಳು ಕತ್ತರಿಯಕ್ಕ.

ಗುಮಾಸ್ತೆ ಪೆನ್ನು ಎತ್ತಿ ಇಬ್ಬರನ್ನೂ ನೋಡಿದಳು. "ಹಾಗಾದ್ರೆ ಅನುಭವ ಎಷ್ಟು ಅಂತ ಹಾಕ್ಲಿ, ಅಕ್ಕಾ?"

"ಆಟದ್ದೂ ಸೇರಿಸ್ಕೊಳ್ತೀಯೇನು?" ಎಂದ ಮ್ಯಾನೇಜರ್.

ಕತ್ತರಿಯಕ್ಕ ಅವನ ಮುಖದಿಂದ ಕಣ್ಣು ಕೀಳದೆ, ಗುಮಾಸ್ತೆಗೆ ಬರೆದುಕೊಳ್ಳಲು ಅನುವಾಗುವಂತೆ ಬಿಡಿಸಿ ಬಿಡಿಸಿ ಹೇಳಿದಳು: "ಮೂರು ವರ್ಷ, ಏಳು ತಿಂಗಳು."