ಬಾಸಿಂಗ ನುಂಗಿದ ದೊಡ್ಡ ಬಾಜಾ

ಅದರ ಹೆಸರು ಟ್ಯೂಬಾ ಎಂದು ನನಗೆ ಗೊತ್ತಾದದ್ದು ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ. ಅಗಲ ಬಾಯಿಯ ಆ ಹಿತ್ತಾಳೆ ವಾದ್ಯ ಶಿಕಾರಿಪುರದ ನಮ್ಮ ಓಣಿಯಲ್ಲಿ ಬರೀ ದೊಡ್ಡ ಬಾಜಾ. ಊದುತ್ತಿದ್ದವರು ಎದುರು ಮನೆಯ ಚಾಚಾ. ಉಳಿದ ದಿನ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು, ಮದುವೆ ಕಾಲ ಬಂದರೆ ಬ್ಯಾಂಡಿನ ಜೊತೆ ಹೊರಡುತ್ತಿದ್ದರು. ಸಂಜೆ ಕಟ್ಟೆಯ ಮೇಲೆ ಕೂತು ಅದನ್ನು ತೊಡೆಗೇರಿಸಿಕೊಂಡು ಊದಿದರೆ ನಮ್ಮ ಮನೆಯ ಗೂಡಿನಲ್ಲಿದ್ದ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ಅವ್ವ ಗೊಣಗುತ್ತಿದ್ದಳು. ನನಗೆ ಮಾತ್ರ ಆ ಬುಂ ಬುಂ ಕೇಳದೆ ಪಾಠ ತಲೆಗೆ ಹತ್ತುತ್ತಿರಲಿಲ್ಲ.

ಬ್ಯಾಂಡಿನಲ್ಲಿ ಜನ ನೋಡುವುದು ಕ್ಲಾರಿನೆಟ್ಟಿನವನನ್ನು. ಹಾಡೂ ಅವನದೇ, ಶಿಳ್ಳೆಯೂ ಅವನಿಗೇ. ದೊಡ್ಡ ಬಾಜಾ ಹಿಂದಿನ ಸಾಲಿನಲ್ಲಿ ಎರಡೋ ಮೂರೋ ಸ್ವರ ಹಿಡಿದು ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಅದು ನಿಂತಾಗ ಗೊತ್ತಾಗುತ್ತದೆ, ಹಾಡಿಗೆ ಕಾಲೂರಲು ನೆಲವೇ ಇಲ್ಲ ಎಂದು. ಈ ಮಾತಿಗಾಗಿ ನಾನು ಯಾರ ಜೊತೆ ಬೇಕಾದರೂ ಜಗಳ ಕಾಯುತ್ತೇನೆ.

ಎಪ್ಪತ್ತರ ದಶಕ. ನನ್ನ ಮದುವೆ ಸೊರಬದಲ್ಲಿ, ಗಂಡಿನ ಮನೆಯ ಮುಂದೆ ಎಂದಾಯಿತು. ಬ್ಯಾಂಡು ನಮ್ಮೂರಿನದೇ ಆಗಬೇಕೆಂದು ಹಟ ಹಿಡಿದವಳು ನಾನು. ಚಾಚಾಗೆ ವಯಸ್ಸಾಗಿತ್ತು. ಆ ವರ್ಷ ಉಬ್ಬಸ ಬಂದು ಬೇರೆ ಮದುವೆಗಳಲ್ಲಿ ನಡುವೆಯೇ ನಿಲ್ಲಿಸಿದ್ದರು. “ಇನ್ನೊಂದ್ಸಲ ಹಿಂಗಾದ್ರೆ ಬಾಜಾ ಬೇರೆಯವ್ರಿಗೆ ಕೊಡ್ತೀನಿ” ಎಂದು ಬ್ಯಾಂಡಿನ ಯಜಮಾನ ಹೇಳಿದ್ದನಂತೆ. ಚಾಚಿ ಅದನ್ನು ಅವ್ವನಿಗೆ ಹೇಳಿ ಕಣ್ಣೊರೆಸಿಕೊಂಡಿದ್ದರು. ನನ್ನ ಮದುವೆಯಲ್ಲಿ ಚಾಚಾ ಚೆನ್ನಾಗಿ ಊದಿ ಅವನ ಬಾಯಿ ಮುಚ್ಚಿಸಲಿ ಎಂಬುದು ನನ್ನ ಆಸೆ.

ದಿಬ್ಬಣದ ಬಸ್ಸು ಬೆಳಗಿನ ಜಾವ ಹೊರಟಿತು. ಪೆಟ್ಟು ಬೀಳದಿರಲೆಂದು ಚಾಚಾ ಬಾಜಾಕ್ಕೆ ಕಂಬಳಿ ಸುತ್ತಿ, ಬಾಯಿ ಮೇಲೆ ಮಾಡಿ, ನನಗೆ ಬಳುವಳಿ ಕೊಟ್ಟ ಹಿತ್ತಾಳೆ ಹಂಡೆ, ಕೊಡಗಳ ನಡುವೆ ನಿಲ್ಲಿಸಿದರು. ಶಿರಾಳಕೊಪ್ಪ ದಾಟುವಾಗ ನಾವೆಲ್ಲ ತೂಕಡಿಸುತ್ತಿದ್ದೆವು.

ಸೊರಬದಲ್ಲಿ ಇಳಿದು ಮೆರವಣಿಗೆ ಶುರುವಾಯಿತು. ಚಾಚಾ ಊದಿದರು. ಬುಂ ಎನ್ನಲಿಲ್ಲ, ಕೆಮ್ಮಿದ ಹಾಗೆ ಏನೋ ಬಂತು. ಮತ್ತೆ ಊದಿದರು. ಕಣ್ಣು ಕೆಂಪಾಯಿತೇ ಹೊರತು ಸ್ವರ ಹೊರಡಲಿಲ್ಲ. ಗಂಡಿನ ಕಡೆಯವರು ನಕ್ಕರು. “ಚಾಚಾ, ಸಾಕ್ರಿ. ಇಳಿಸಿಡ್ರಿ” ಎಂದ ಯಜಮಾನ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು. ಚಪ್ಪರದ ಕಂಬದ ಹತ್ತಿರ ಬಾಜಾ ತಬ್ಬಿಕೊಂಡು ಕೂತ ಚಾಚಾ, “ಮುಗೀತು ಮಗಳೇ, ಎದ್ಯಾಗ ಗಾಳಿ ಇಲ್ಲ” ಎಂದರು. ನಾನು ಅಳುತ್ತಲೇ ಒಳಗೆ ಹೋದೆ.

ಒಳಗೆ ಇನ್ನೊಂದು ರಂಪ. ನಮ್ಮಿಬ್ಬರ ಹಣೆಗೆ ಕಟ್ಟಬೇಕಾದ ಬಾಸಿಂಗಗಳೇ ಇಲ್ಲ! ಬಾಸಿಂಗವಿಲ್ಲದೆ ಅಕ್ಕಿಕಾಳು ಹಾಕುವಂತಿಲ್ಲ. ಆ ಗಂಟು ಇದ್ದದ್ದು ನಮ್ಮ ಸೋದರತ್ತೆಯ ಮಡಿಲಲ್ಲಿ. ಅವಳದು ಒಂದೇ ಮಾತು: “ತೂಕಡಿಕೆ ಬಂತು, ಬೆಂಡಿಂದು ಮುರದು ಗಿರದೀತು ಅಂತ ಹಂಡೆಯೊಳಗೆ ಇಳಿಸೀನಿ.” ಇದ್ದಬದ್ದ ಹಂಡೆಗಳನ್ನೆಲ್ಲ ಬೋರಲು ಹಾಕಿದ್ದಾಯಿತು. ಗಂಡಿನ ಮನೆಯ ಬಚ್ಚಲ ಹಂಡೆಯನ್ನೂ ಬಿಡಲಿಲ್ಲ.

“ಎಂಥಾ ಹಂಡೆನೇ ಅದು?” ಅವ್ವ ಕೇಳಿದಳು.

“ಕತ್ತಲಾಗ ಏನ್ ಕಾಣ್ತತಿ? ಬಾಯಿ ಅಗಲ ಇತ್ತು. ಕಂಬಳಿ ಸುತ್ತಿತ್ತು.”

ಕಂಬಳಿ ಎಂದದ್ದೇ ತಡ, ನಾನು ಸೀರೆ ಎತ್ತಿಕೊಂಡು ಚಪ್ಪರಕ್ಕೆ ಓಡಿದೆ. ಮದುಮಗಳು ಹಾಗೆ ಓಡಿದ್ದನ್ನು ಗಂಡನ ಮನೆಯವರು ಇಂದಿಗೂ ಆಡಿಕೊಳ್ಳುತ್ತಾರೆ. “ಬಗ್ಗಿಸ್ರಿ ಚಾಚಾ!” ಬಳೆ ತುಂಬಿದ ಕೈಯನ್ನು ಬಾಜಾದ ಬಾಯೊಳಗೆ ಇಳಿಸಿದೆ. ಬಸ್ಸಿನ ಕುಲುಕಾಟಕ್ಕೆ ಗಂಟು ಆಳಕ್ಕೆ ಜಾರಿ ಬಿರಡೆ ಹಾಕಿದಂತೆ ಕೂತಿತ್ತು. ಎಳೆದು ತೆಗೆದೆ. ಒಂದು ಬಾಸಿಂಗದ ಮೂಲೆ ನಜ್ಜಾಗಿತ್ತು, ಅಷ್ಟೆ.

ಚಾಚಾ ಗಂಟನ್ನೂ ನೋಡಿದರು, ನನ್ನನ್ನೂ ನೋಡಿದರು. ನಗಲಿಲ್ಲ. ಎದ್ದು ನಿಂತು, ಬಾಜಾ ಎತ್ತಿ, ಒಮ್ಮೆ ಊದಿದರು. ಬೀದಿಯ ಆ ತುದಿಯ ನಾಯಿ ಕೂಡ ಎದ್ದು ಕೂತಿತು. ಯಜಮಾನ ತಲೆ ತಗ್ಗಿಸಿ, “ಬಾಜಾ ನಿಮ್ದೇ ಚಾಚಾ, ನೀವು ಬ್ಯಾಡ ಅನ್ನೋ ತನಕ” ಎಂದ.

ನಜ್ಜಾದ ಬಾಸಿಂಗವನ್ನು ನಾನೇ ಕೇಳಿ ಕಟ್ಟಿಸಿಕೊಂಡೆ. ಅಕ್ಕಿಕಾಳು ಬೀಳುವಾಗ ಚಾಚಾ ಊದಿದ ರಭಸಕ್ಕೆ ಅದು ನನ್ನ ಹಣೆಯ ಮೇಲೆ, ನಮ್ಮ ಗೂಡಿನ ಲೋಟಗಳ ಹಾಗೆ, ಸಣ್ಣಗೆ ನಡುಗುತ್ತಿತ್ತು.

“ಹೆದ್ರಿಕೆ ಆಗ್ತಿದ್ಯಾ?” ಪಕ್ಕದಲ್ಲಿದ್ದ ಗಂಡ ಅದನ್ನು ಕಂಡು ಮೆಲ್ಲಗೆ ಕೇಳಿದರು.

“ಇಲ್ರೀ, ನಮ್ಮ ಓಣಿ ಕೇಳ್ತಾ ಐತಿ” ಎಂದೆ.