ಮೇಡಂ ಕುಲುಕಿ ನೋಡಿದ ಗ್ಯಾಲಕ್ಸಿ

ತಿಪಟೂರಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಫಿಸಿಕ್ಸ್ ಮೇಡಂ ಯಾವುದನ್ನೂ ಸುಮ್ಮನೆ ಎಸೆದವರಲ್ಲ. ಬರೆಯದ ಪೆನ್ನಾಗಲಿ, ನಮ್ಮ ಮನೆಯ ಸುಟ್ಟ ಬಲ್ಬೇ ಆಗಲಿ, ಮೊದಲು ಕಿವಿಯ ಹತ್ತಿರ ಹಿಡಿದು ಕುಲುಕುತ್ತಿದ್ದರು. ತುರುವೇಕೆರೆಯ ತೋಟದ ಮನೆಯಲ್ಲಿ ಬೆಳೆದವರು. ಅಟ್ಟದ ಮೇಲಿನ ಕಾಯಿ ಒಣಗಿ ಕೊಬ್ಬರಿಯಾಗಿದೆಯೇ, ಒಳಗಿನ್ನೂ ನೀರಿದೆಯೇ ಎಂದು ಕುಲುಕಿ ಕುಲುಕಿ ಪಳಗಿದ ಕೈ ಅದು. "ಎಸೆಯೋಕ್ ಮುಂಚೆ ಒಂದ್ಸಲ ಕುಲುಕಿ ನೋಡ್ರೀ" ಎನ್ನುವುದು ಅವರ ಮಾತು.

ಪಿಎಚ್‌ಡಿಗೆಂದು ಅವರು ಕಂಪ್ಯೂಟರಿನೊಳಗೆ ಒಂದು ವಿಶ್ವವನ್ನೇ ಹುಟ್ಟಿನಿಂದ ಬೆಳೆಸಿ, ಅದರಲ್ಲಿ ಗ್ಯಾಲಕ್ಸಿಗಳು ಹೇಗೆ ಮೂಡುತ್ತವೆಂದು ನೋಡುತ್ತಿದ್ದರು. ಒಂದು ಸಂಜೆ ನಾನು ಕಾಫಿ ಕೊಡಲು ಹೋದಾಗ ಅವರ ಮುಖ ಸಪ್ಪಗಿತ್ತು. ಪರದೆಯ ಮೂಲೆಯಲ್ಲಿ, ಉಸಿರು ತಾಗಿದ ಕನ್ನಡಿಯ ಮೇಲಿನಂಥ ಒಂದು ಮಸುಕು. ಅದು ಗ್ಯಾಲಕ್ಸಿಯಲ್ಲ, ಕಂಪ್ಯೂಟರಿನ ಲೆಕ್ಕ ತಪ್ಪಿ ಉಳಿದ ಕಸ, ತೆಗೆದುಹಾಕಿ ಎಂದು ಗೈಡು ಹೇಳಿದ್ದರಂತೆ.

"ಹಂಗಾರೆ ಇದನ್ನ ಕುಲುಕಿ ನೋಡಲ್ವಾ ನೀವು?" ಎಂದೆ.

ನಕ್ಕರು. ಆಮೇಲೆ ಆ ವಿಶ್ವದ ಕಾಲವನ್ನು ಹಿಂದಕ್ಕೂ ಮುಂದಕ್ಕೂ ಓಡಿಸತೊಡಗಿದರು. ಮೊದಲು ಅದು ಪುಟ್ಟ, ಬಿಗಿಯಾದ ಗ್ಯಾಲಕ್ಸಿ. ದೊಡ್ಡ ನಕ್ಷತ್ರಗಳು ಸಿಡಿದಾಗಲೆಲ್ಲ ಒಳಗಿನ ಅನಿಲ ಹೊರಕ್ಕೆ ಚಿಮ್ಮುತ್ತಿತ್ತು. ಗುರುತ್ವದ ಹಿಡಿತ ಸಡಿಲಿ ಉಳಿದ ನಕ್ಷತ್ರಗಳು ದೂರ ದೂರ ಸರಿಯುತ್ತಿದ್ದವು. ಹಾಗೆ ಹರಡಿ ಹರಡಿಯೇ ಅದು ಮಸುಕಾಗಿತ್ತು. ಕಸವಂತೂ ಆಗಿರಲಿಲ್ಲ. ಕೊನೆಯಲ್ಲಿ, ಚಿಮ್ಮಿಹೋದ ಅನಿಲ ಮೆಲ್ಲಗೆ ಒಳಕ್ಕೆ ಮರಳುತ್ತಿತ್ತು. ಅದರಿಂದ ಹೊಸ ನಕ್ಷತ್ರಗಳು ಹುಟ್ಟಬಹುದಂತೆ.

ಕಾಫಿ ಆರಿಹೋಗಿತ್ತು. ಮೇಡಂ ತಮಗರಿವಿಲ್ಲದೆ ಲ್ಯಾಪ್‌ಟಾಪಿಗೆ ಕಿವಿಯಾನಿಸಿದರು.

"ಒಣಗಿಲ್ಲ ಕಣ್ರೀ," ಎಂದರು, "ಒಳಗಿನ್ನೂ ನೀರೈತೆ."